ವ್ಯಾಕ್ಯೂಮ್ ಟ್ಯಾಂಕ್ ಕೈಕೊಟ್ಟರೆ: 1920ರ ದಶಕದ ಕಾರುಗಳಿಗೆ ದೋಷ ನಿವಾರಣೆ ಕೈಪಿಡಿ

ಹಳೇ ಡಾಡ್ಜ್, ಬ್ಯೂಕ್, ಹಡ್ಸನ್, ಸ್ಟುಡಿಬೇಕರ್ ಇಟ್ಟುಕೊಂಡವರಿಗೆ ವ್ಯಾಕ್ಯೂಮ್ ಟ್ಯಾಂಕ್, ಅಂದರೆ ಇಂಜಿನ್ನಿನ ಸೆಳೆತದಿಂದ (ವ್ಯಾಕ್ಯೂಮ್) ಹಿಂದಿನ ಟ್ಯಾಂಕಿನ ಪೆಟ್ರೋಲನ್ನು ಎಳೆದು ಕಾರ್ಬುರೇಟರ್‌ಗೆ ಕೊಡುವ ಈ ಡಬ್ಬಿ, ಗೊತ್ತೇ ಇರುತ್ತದೆ. ಬಾನೆಟ್ ಎತ್ತಿದರೆ ಫೈರ್‌ವಾಲ್ (ಇಂಜಿನ್ನಿಗೂ ಕೂರುವ ಜಾಗಕ್ಕೂ ನಡುವಿನ ಗೋಡೆ) ಮೇಲೆ ನಿಂತಿರುವ ಉದ್ದನೆಯ ಸಿಲಿಂಡರ್, ತಲೆಯ ಮೇಲೆ ಎರಡು ಮೂರು ಸಣ್ಣ ಪೈಪು. ಅಮೆರಿಕದ ಕಾರುಗಳಲ್ಲಿ ಹೆಚ್ಚಾಗಿ ಸಿಗುವುದು ಷಿಕಾಗೋದ ಸ್ಟೀವರ್ಟ್ ಕಂಪನಿಯದು. ರೋಲ್ಸ್ ರಾಯ್ಸ್ ಟ್ವೆಂಟಿ, ಆ ಕಾಲದ ಬೆಂಟ್ಲಿಯಂಥ ಇಂಗ್ಲೆಂಡಿನ ಕಾರುಗಳಲ್ಲಿ ಆಟೋವ್ಯಾಕ್ ಇರುತ್ತದೆ. ಕೆಲಸ ಎರಡರದ್ದೂ ಒಂದೇ, ಒಳಗಿನ ಜೋಡಣೆ ಮಾತ್ರ ಸ್ವಲ್ಪ ಬೇರೆ. ನಾನಿಲ್ಲಿ ಸ್ಟೀವರ್ಟ್ ಮಾದರಿಯನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆದಿದ್ದೇನೆ.

ಮೊದಲೇ ಒಂದು ಮಾತು. ಗಾಡಿ ಪೆಟ್ರೋಲ್ ಎಳೆಯುತ್ತಿಲ್ಲ ಅಂದ ತಕ್ಷಣ ಎಲ್ಲರೂ ಈ ಡಬ್ಬಿಯನ್ನು ಬಿಚ್ಚಿ ಮೂಲೆಗೆ ಎಸೆದು ಎಲೆಕ್ಟ್ರಿಕ್ ಪಂಪ್ ಹಾಕಿಸುತ್ತಾರೆ. ಬಹಳ ಸಲ ತಪ್ಪು ಡಬ್ಬಿಯದ್ದೇ ಅಲ್ಲ. ಎಲ್ಲೋ ಒಂದು ಕಡೆ ಗಾಳಿ ಒಳಗೆ ನುಗ್ಗುತ್ತಿರುತ್ತದೆ, ಅಷ್ಟೇ. ಅದನ್ನು ಹುಡುಕುವುದು ಕಷ್ಟ, ಏಕೆಂದರೆ ಅದು ಕಣ್ಣಿಗೆ ಕಾಣುವುದಿಲ್ಲ.

ಇದು ಕೆಲಸ ಮಾಡುವ ರೀತಿ

ಇದಕ್ಕೂ ಮುಂಚೆ ಪೆಟ್ರೋಲ್ ಸುಮ್ನೆ ಇಳಿದು ಬರುತ್ತಿತ್ತು. ಫೋರ್ಡ್ ಮಾಡೆಲ್ ಟಿ ನೋಡಿ, ಸೀಟಿನ ಕೆಳಗೆ ಟ್ಯಾಂಕು. ಪೆಟ್ರೋಲ್ ಕಡಿಮೆ ಇದ್ದಾಗ ಕಡಿದಾದ ಏರು ಬಂದರೆ ಕಾರ್ಬುರೇಟರ್‌ಗೆ ಇಳಿಯುತ್ತಿರಲಿಲ್ಲ, ಜನ ರಿವರ್ಸ್‌ನಲ್ಲಿ ಬೆಟ್ಟ ಹತ್ತುತ್ತಿದ್ದರು. ಇನ್ನು ಕೆಲವು ಕಾರುಗಳಲ್ಲಿ ಹಿಂದಿನ ಟ್ಯಾಂಕಿಗೆ ಗಾಳಿ ಪಂಪ್ ಮಾಡಿ ಒತ್ತಡ ಕೊಟ್ಟು ಪೆಟ್ರೋಲನ್ನು ತಳ್ಳಬೇಕಿತ್ತು. ಅಲ್ಲಿ ಒಂದು ಯೂನಿಯನ್ (ಪೈಪು ಜೋಡಿಸುವ ನಟ್ಟು) ಸಡಿಲವಾದರೂ ಪೆಟ್ರೋಲ್ ಚಿಮ್ಮುತ್ತಿತ್ತು. 1915ರ ಆಸುಪಾಸಿನಲ್ಲಿ ವ್ಯಾಕ್ಯೂಮ್ ಟ್ಯಾಂಕ್ ಬಂದು ಇವೆರಡೂ ತಲೆನೋವು ತಪ್ಪಿದವು. 1920ರ ದಶಕದ ಕೊನೆಗೆ ಮೆಕ್ಯಾನಿಕಲ್ ಡಯಾಫ್ರಮ್ ಪಂಪ್ ಬಂದ ಮೇಲೆ ಇದರ ಕಾಲ ಮುಗಿಯಿತು.

ಡಬ್ಬಿಯೊಳಗೆ ಇನ್ನೊಂದು ಡಬ್ಬಿ ಇದೆ. ಒಳಡಬ್ಬಿಯಲ್ಲಿ ಹಿತ್ತಾಳೆಯ ಫ್ಲೋಟ್. ಫ್ಲೋಟ್ ಕೆಳಗಿದ್ದಾಗ ಸೆಳೆತದ ವಾಲ್ವ್ ತೆರೆದಿರುತ್ತದೆ, ಗಾಳಿಯ ವಾಲ್ವ್ ಮುಚ್ಚಿರುತ್ತದೆ. ಇಂಜಿನ್ನಿನ ಇನ್‌ಟೇಕ್ ಮ್ಯಾನಿಫೋಲ್ಡಿನ (ಕಾರ್ಬುರೇಟರ್‌ನಿಂದ ಸಿಲಿಂಡರುಗಳಿಗೆ ಹೋಗುವ ಕೊಳವೆ) ಸೆಳೆತ ಒಳಡಬ್ಬಿಗೆ ತಲುಪಿ ಹಿಂದಿನ ಟ್ಯಾಂಕಿನಿಂದ ಪೆಟ್ರೋಲ್ ಏರುತ್ತದೆ. ಫ್ಲೋಟ್ ಮೇಲೆ ಬಂದಾಗ ಎರಡು ಸಣ್ಣ ಸ್ಪ್ರಿಂಗುಗಳು ಟಕ್ ಅಂತ ಮಗುಚಿಕೊಳ್ಳುತ್ತವೆ. ಸೆಳೆತ ಬಂದ್, ಗಾಳಿ ಒಳಗೆ. ಆಗ ತಳದಲ್ಲಿರುವ ಫ್ಲ್ಯಾಪ್ ವಾಲ್ವ್ ತೆರೆದುಕೊಂಡು ಪೆಟ್ರೋಲ್ ಹೊರಡಬ್ಬಿಗೆ ಬೀಳುತ್ತದೆ. ಹೊರಡಬ್ಬಿಗೆ ಯಾವಾಗಲೂ ಹೊರಗಿನ ಗಾಳಿಯ ಸಂಪರ್ಕ ಇರುತ್ತದೆ, ಅಲ್ಲಿಂದ ಕಾರ್ಬುರೇಟರ್‌ಗೆ ಪೆಟ್ರೋಲ್ ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಇಷ್ಟೇ ಕಥೆ. ಈ ಟಕ್ ಸದ್ದು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕೈ ಹಾಕುವ ಮುಂಚೆ

ಇಂಜಿನ್ ತಣ್ಣಗಾಗಲಿ. ಈ ಡಬ್ಬಿ ಎಕ್ಸಾಸ್ಟ್ ಮ್ಯಾನಿಫೋಲ್ಡಿಗೆ ಹತ್ತಿರವೇ ಇರುತ್ತದೆ. ಬಿಸಿ ಕಬ್ಬಿಣದ ಮೇಲೆ ಪೆಟ್ರೋಲ್ ಬಿದ್ದರೆ ಏನಾಗುತ್ತದೆ ಅಂತ ಹೇಳಬೇಕಿಲ್ಲ. ಬ್ಯಾಟರಿ ವೈರ್ ಬಿಚ್ಚಿ. ಬಾಗಿಲು ತೆರೆದ ಜಾಗದಲ್ಲಿ ಕೆಲಸ ಮಾಡಿ. ಪೌಡರ್ ತುಂಬಿದ ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವಲ್ಲಿ ಇರಲಿ, ಡಿಕ್ಕಿಯ ಆಳದಲ್ಲಿ ಅಲ್ಲ. ಪೆಟ್ರೋಲ್ ಹಿಡಿಯಲು ಮುಚ್ಚಳವಿರುವ ಲೋಹದ ಕ್ಯಾನ್ ಇಟ್ಟುಕೊಳ್ಳಿ, ನೀರಿನ ಬಾಟಲಿಯಲ್ಲಿ ಬೇಡವೇ ಬೇಡ. ಮನೆಯಲ್ಲಿ ಮಕ್ಕಳಿದ್ದರೆ ಅದು ಏಕೆ ಬೇಡ ಅಂತ ನಿಮಗೇ ಗೊತ್ತು.

ಇನ್ನೊಂದು, ಬಾಯಲ್ಲಿ ಎಳೆಯಬೇಡಿ. ಹಳೇ ಮೆಕ್ಯಾನಿಕ್‌ಗಳು ಪೈಪು ಬಾಯಿಗಿಟ್ಟು ಎಳೆದು ಲೈನ್ ನೋಡುತ್ತಿದ್ದರು. ಒಂದು ಗುಟುಕು ಶ್ವಾಸಕೋಶಕ್ಕೆ ಹೋದರೆ ಸಾಕು, ಗಂಭೀರವಾದ ನ್ಯುಮೋನಿಯಾ ಆಗಬಹುದು. ಯಾರಾದರೂ ನುಂಗಿಬಿಟ್ಟರೆ ವಾಂತಿ ಮಾಡಿಸಬೇಡಿ, ನೇರ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಕೈಯಿಂದ ಒತ್ತುವ ವ್ಯಾಕ್ಯೂಮ್ ಪಂಪ್, ಅದರಲ್ಲೇ ಗೇಜ್ ಇರುವಂಥದ್ದು, ಬ್ರೇಕ್ ಕೆಲಸ ಮಾಡುವ ಗ್ಯಾರೇಜುಗಳಲ್ಲಿ ಇರುತ್ತದೆ. ಅದೊಂದಿದ್ದರೆ ಈ ಕೈಪಿಡಿಯ ಮುಕ್ಕಾಲು ಪಾಲು ಪರೀಕ್ಷೆ ಮುಗಿದ ಹಾಗೆ.

ಬಹಳ ದಿನ ನಿಂತ ಗಾಡಿ, ತಿರುಗಿಸಿದರೂ ಸ್ಟಾರ್ಟ್ ಆಗುತ್ತಿಲ್ಲ

ಇದು ದೋಷವೇ ಅಲ್ಲದಿರಬಹುದು. ವಾರಗಟ್ಟಲೆ ನಿಂತರೆ ಹೊರಡಬ್ಬಿಯ ಪೆಟ್ರೋಲ್ ಗಾಳಿಕಿಂಡಿಯಿಂದ ಆರಿಹೋಗುತ್ತದೆ, ಇಲ್ಲವೇ ಕಾರ್ಬುರೇಟರ್ ಸೂಜಿಯ (ಪೆಟ್ರೋಲ್ ಒಳಬರುವುದನ್ನು ತಡೆಯುವ ಸಣ್ಣ ವಾಲ್ವ್) ಹತ್ತಿರ ತೊಟ್ಟು ತೊಟ್ಟಾಗಿ ಸೋರಿರುತ್ತದೆ. ಡಬ್ಬಿ ಖಾಲಿ. ಖಾಲಿ ಡಬ್ಬಿ ತುಂಬಬೇಕಾದರೆ ಸೆಳೆತ ಬೇಕು, ಸೆಳೆತ ಬರಬೇಕಾದರೆ ಇಂಜಿನ್ ತಿರುಗಬೇಕು.

ಮೊದಲು ಟ್ಯಾಂಕಿನಲ್ಲಿ ಪೆಟ್ರೋಲ್ ಇದೆಯಾ ನೋಡಿ. ನಗಬೇಡಿ, ಹಳೇ ಕಾರಿನ ಗೇಜ್ ನಂಬುವವರು ಈಗಲೂ ಇದ್ದಾರೆ. ಕೋಲು ಹಾಕಿ ಅಳೆಯಿರಿ. ಟ್ಯಾಂಕಿನ ಕೆಳಗೆ ನಲ್ಲಿ ಇದ್ದರೆ ಅದು ತೆರೆದಿದೆಯಾ ನೋಡಿ.

ಆಮೇಲೆ ಇಗ್ನಿಷನ್ ಆಫ್ ಮಾಡಿ, ಥ್ರಾಟಲ್ ಪೂರ್ತಿ ಮುಚ್ಚಿ, ಇಂಜಿನ್ನನ್ನು ಸ್ವಲ್ಪ ಹೊತ್ತು ಸ್ಟಾರ್ಟರ್‌ನಿಂದ ತಿರುಗಿಸಿ. ಬ್ಯಾಟರಿ ವೈರ್ ಬಿಚ್ಚಿದ್ದವರು ಇಷ್ಟಕ್ಕೆ ಮಾತ್ರ ಹಾಕಿಕೊಳ್ಳಿ. ಥ್ರಾಟಲ್ ಮುಚ್ಚುವುದೇ ಇಲ್ಲಿ ಮುಖ್ಯ. ಆಕ್ಸಿಲರೇಟರ್ ಒತ್ತಿಕೊಂಡು ತಿರುಗಿಸಿದರೆ ಮ್ಯಾನಿಫೋಲ್ಡಿನಲ್ಲಿ ಸೆಳೆತವೇ ಹುಟ್ಟುವುದಿಲ್ಲ, ಬ್ಯಾಟರಿ ಮಾತ್ರ ಮಲಗುತ್ತದೆ. ಆರೋಗ್ಯವಾಗಿರುವ ಇಂಜಿನ್ ಆದರೆ ಇಷ್ಟಕ್ಕೇ ಟಕ್ ಸದ್ದು ಕೇಳಬೇಕು. ಕೇಳದಿದ್ದರೆ ತಲೆಯ ಮೇಲಿನ ತಿರುಪು ಬಿಚ್ಚಿ ಒಂದಿಷ್ಟು ಪೆಟ್ರೋಲನ್ನು ಸಣ್ಣ ಲಾಳಿಕೆಯಿಂದ ಹಾಕಿ, ತಿರುಪು ಬಿಗಿಯಾಗಿ ಹಾಕಿ, ಚೆಲ್ಲಿದ್ದನ್ನು ಒರೆಸಿ, ಸ್ಟಾರ್ಟ್ ಮಾಡಿ. ಸ್ಟಾರ್ಟ್ ಆಗಿ ಓಡುತ್ತಲೇ ಇದ್ದರೆ ಮುಗಿಯಿತು. ಪ್ರತಿ ಸಲ ರಾತ್ರಿ ಕಳೆದು ಬೆಳಿಗ್ಗೆಗೆ ಡಬ್ಬಿ ಖಾಲಿ ಆಗುತ್ತಿದ್ದರೆ ಅದು ಆರುವಿಕೆ ಅಲ್ಲ, ಸೋರಿಕೆ. ಕಾರ್ಬುರೇಟರ್ ಸೂಜಿ ಮತ್ತು ಡಬ್ಬಿಯ ತಳದ ಡ್ರೈನ್ ತಿರುಪು ಎರಡನ್ನೂ ನೋಡಿ. ಡಬ್ಬಿಯ ಕೆಳಗೆ ನಲ್ಲಿ ಇದ್ದರೆ ನಿಲ್ಲಿಸುವಾಗ ಅದನ್ನು ಮುಚ್ಚುವ ಅಭ್ಯಾಸ ಮಾಡಿಕೊಳ್ಳಿ.

ಸ್ಟಾರ್ಟ್ ಆಗುತ್ತದೆ, ಸ್ವಲ್ಪ ದೂರ ಓಡಿ ನಿಂತುಬಿಡುತ್ತದೆ

ಹೊರಡಬ್ಬಿಯಲ್ಲಿ ಇದ್ದಷ್ಟು ಪೆಟ್ರೋಲ್ ಸುಟ್ಟು ನಿಂತಿದೆ, ಹೊಸದು ಏರಿಲ್ಲ. ಅತಿ ಹೆಚ್ಚು ಜನ ತಲೆಕೆಡಿಸಿಕೊಳ್ಳುವುದು ಇದಕ್ಕೇ, ಹಾಗಾಗಿ ನಿಧಾನವಾಗಿ ನೋಡೋಣ.

ಗಾಡಿ ನಿಂತ ಕೂಡಲೇ ಹಿಂದಕ್ಕೆ ಹೋಗಿ ಟ್ಯಾಂಕಿನ ಮುಚ್ಚಳ ತೆಗೆಯಿರಿ. ಸ್ಸ್ ಅಂತ ಗಾಳಿ ಒಳಗೆ ಹೋದ ಸದ್ದು ಬಂತಾ? ಹಾಗಾದರೆ ಮುಚ್ಚಳದ ಸಣ್ಣ ತೂತು ಮುಚ್ಚಿಹೋಗಿದೆ. ಪೆಟ್ರೋಲ್ ಹೊರಗೆ ಹೋದಷ್ಟು ಗಾಳಿ ಒಳಗೆ ಬರಬೇಕು, ಬರದಿದ್ದರೆ ಹಿಂದಿನ ಟ್ಯಾಂಕಿನಲ್ಲೇ ಸೆಳೆತ ಹುಟ್ಟಿ ಎರಡೂ ಕಡೆ ಎಳೆದಾಟ ಶುರುವಾಗುತ್ತದೆ. ತೂತಿನಲ್ಲಿ ಪಾಲಿಶ್ ಮಾಡುವ ಬಿಳಿ ಪೇಸ್ಟ್ ಗಟ್ಟಿಯಾಗಿ ಕೂತಿರುವುದು ಮಾಮೂಲಿ, ಷೋಗೆ ಹೋಗಿ ಬಂದ ಗಾಡಿಗಳಲ್ಲಂತೂ ಜಾಸ್ತಿ. ಸೂಜಿ ಹಾಕಿ ಬಿಡಿಸಿ. ಖರ್ಚು ಸೊನ್ನೆ.

ಮುಚ್ಚಳ ಸರಿ ಇದ್ದರೆ ಡಬ್ಬಿಯ ತಲೆಯ ಮೇಲೆ ಪೆಟ್ರೋಲ್ ಬರುವ ಯೂನಿಯನ್ ಬಿಚ್ಚಿ ಅಲ್ಲಿರುವ ಜಾಲರಿ ನೋಡಿ. ಹಳೇ ಟ್ಯಾಂಕಿನ ತುಕ್ಕು ಕೆಂಪು ಹಿಟ್ಟಿನ ಹಾಗೆ ಅಲ್ಲಿ ಬಂದು ಕೂರುತ್ತದೆ. ತೊಳೆದು ವಾಪಸ್ ಹಾಕಿ. ಹಾಕುವಾಗ ಯೂನಿಯನ್ನಿನ ಕೋನ್ ಮೇಲೆ ಗೀರು ಬಿದ್ದಿದೆಯಾ ಅಂತ ಬೆರಳಾಡಿಸಿ ನೋಡಿ.

ಈಗ ಲೈನು, ಅಂದರೆ ಪೆಟ್ರೋಲ್ ಬರುವ ಪೈಪು. ಮಾಮೂಲಿ ಗಾಡಿಯಲ್ಲಿ ಪೆಟ್ರೋಲ್ ಲೈನ್ ಸೋರಿದರೆ ನೆಲದ ಮೇಲೆ ಹನಿ ಕಾಣುತ್ತದೆ, ವಾಸನೆ ಬರುತ್ತದೆ. ಇಲ್ಲಿ ಹಿಂದಿನ ಟ್ಯಾಂಕಿನಿಂದ ಡಬ್ಬಿಯವರೆಗೆ ಲೈನು ಇರುವುದೇ ಸೆಳೆತದಲ್ಲಿ. ಹೊರಗಿನ ಗಾಳಿ ಒಳಗೆ ಹೋಗುತ್ತದೆಯೇ ಹೊರತು ಪೆಟ್ರೋಲ್ ಹೊರಗೆ ಬರುವುದಿಲ್ಲ. ಸೀಳು ಬಿದ್ದ ಸ್ಟ್ರಾ ಹಾಕಿ ಎಳನೀರು ಕುಡಿದ ಹಾಗೆ, ಎಷ್ಟು ಎಳೆದರೂ ಬಾಯಿಗೆ ಗಾಳಿಯೇ. ಲೈನು ಹೊರಗಿನಿಂದ ಒಣಗಿದೆ, ಚೆನ್ನಾಗಿದೆ ಅಂದುಕೊಂಡು ಅದನ್ನು ಬಿಟ್ಟು ಡಬ್ಬಿ ಬಿಚ್ಚಲು ಹೋಗುವುದು ಇಲ್ಲೇ.

ಪರೀಕ್ಷೆ ಸುಲಭ. ಲೈನನ್ನು ಡಬ್ಬಿಯ ಹತ್ತಿರ ಬಿಚ್ಚಿ, ಒಂದು ಗೇಣು ಪಾರದರ್ಶಕ ಪೈಪು ಸಿಕ್ಕಿಸಿ, ಮಧ್ಯೆ ಹಿಡಿಯುವ ಡಬ್ಬ ಇರುವ ಕೈಪಂಪಿನಿಂದ ಎಳೆಯಿರಿ. ಪೆಟ್ರೋಲ್ ಗುಳ್ಳೆ ಇಲ್ಲದೆ ತುಂಬಿಕೊಂಡು ಬಂದರೆ ಲೈನ್ ಸರಿ. ಗುಳ್ಳೆ ಸಾಲುಸಾಲಾಗಿ ಬರುತ್ತಲೇ ಇದ್ದರೆ ಎಲ್ಲೋ ಗಾಳಿ ಸೇರುತ್ತಿದೆ. ಎಳೆದಷ್ಟೂ ಗೇಜ್ ಏರಿ ಪೆಟ್ರೋಲ್ ಬರಲೇ ಇಲ್ಲವಾ, ಲೈನು ಕಟ್ಟಿದೆ. ಗಾಳಿ ಸೇರುವ ಜಾಗ ಹುಡುಕಲು ಒಂದೊಂದೇ ಜೋಡಣೆಗೆ ಗಟ್ಟಿ ಗ್ರೀಸ್ ಮೆತ್ತುತ್ತಾ ಬನ್ನಿ, ಯಾವುದಕ್ಕೆ ಮೆತ್ತಿದಾಗ ಗುಳ್ಳೆ ನಿಂತಿತೋ ಅದೇ ಕಳ್ಳ. ಛಾಸಿ ಅಂಚಿಗೆ ಉಜ್ಜುವ ಕ್ಲಿಪ್ಪುಗಳ ಕೆಳಗೆ ತಾಮ್ರದ ಪೈಪು ಸವೆದು ಕೂದಲೆಳೆಯಷ್ಟು ತೂತು ಬಿದ್ದಿರುತ್ತದೆ, ಕ್ಲಿಪ್ ತೆಗೆದೇ ನೋಡಬೇಕು.

ಯಾರಾದರೂ ಮಧ್ಯೆ ರಬ್ಬರ್ ಹೋಸ್ ಹಾಕಿದ್ದರೆ ಅದನ್ನೂ ಅನುಮಾನಿಸಿ. ಈಗ ಬಂಕಿನಲ್ಲಿ ಸಿಗುವುದು ಶೇಕಡಾ 20 ಎಥನಾಲ್ ಬೆರೆಸಿದ ಪೆಟ್ರೋಲ್. ಎಥನಾಲ್‌ಗೆ ಒಗ್ಗದ ರಬ್ಬರ್ ಒಳಗಿನಿಂದ ಉಬ್ಬಿ ಮೆತ್ತಗಾಗುತ್ತದೆ. ಸೆಳೆತ ಬಂದ ಕೂಡಲೇ ಒಳಗೋಡೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಸೆಳೆತ ಹೋದರೆ ಮತ್ತೆ ಬಿಡಿಸಿಕೊಳ್ಳುತ್ತವೆ. ಹೊರಗೆ ನೋಡಿದರೆ ಹೊಸದರ ಹಾಗೆ ಇರುತ್ತದೆ.

ಇಷ್ಟೆಲ್ಲ ಸರಿ ಇದ್ದ ಮೇಲೆ ಮಾತ್ರ ಡಬ್ಬಿಯ ಕಡೆ ತಿರುಗಿ.

ಟಕ್ ಸದ್ದೇ ಇಲ್ಲ

ಇಂಜಿನ್ ಐಡಲ್‌ನಲ್ಲಿ ಓಡುವಾಗ ಡಬ್ಬಿಯ ಹತ್ತಿರ ಕಿವಿ ಕೊಡಿ. ಫ್ಯಾನ್ ಬೆಲ್ಟಿನಿಂದ ಟೈ, ಶಾಲು, ಕೂದಲು ದೂರ ಇರಲಿ. ಪೆಟ್ರೋಲ್ ಖರ್ಚಾದ ಹಾಗೆಲ್ಲ ಟಕ್ ಅಂತ ಕೇಳಬೇಕು. ಕೇಳದಿದ್ದರೆ ಡಬ್ಬಿಯ ಪಕ್ಕಕ್ಕೆ ಸ್ಪ್ಯಾನರಿನ ಹಿಡಿಯಿಂದ ಮೆಲ್ಲಗೆ ತಟ್ಟಿ. ಫ್ಲ್ಯಾಪ್ ವಾಲ್ವ್ ಕೆಳಗೆ ಕಸ ಸಿಕ್ಕಿ ಅದು ಮುಚ್ಚಿಕೊಳ್ಳದೆ ನಿಂತಿರುವುದು ಬಹಳ ಸಾಮಾನ್ಯ. ಹಾಗೆ ನಿಂತರೆ ಒಳಡಬ್ಬಿ ಹೊರಡಬ್ಬಿಯ ಗಾಳಿಯನ್ನೇ ಎಳೆಯುತ್ತಾ ಕೂರುತ್ತದೆ, ಹಿಂದಿನ ಟ್ಯಾಂಕಿನ ಪೆಟ್ರೋಲ್ ಮೇಲೆ ಬರುವುದಿಲ್ಲ. ತಟ್ಟಿದಾಗ ಕಸ ಉದುರಿ ಸರಿಹೋಗುವುದು ಆ ಕಾಲದಿಂದಲೂ ನಡೆದುಬಂದ ಉಪಾಯ. ಆದರೆ ಇವತ್ತು ಉದುರಿದ ಕಸ ಡಬ್ಬಿಯಲ್ಲೇ ಇದೆ, ನಾಳೆ ಮತ್ತೆ ಬರುತ್ತದೆ. ತಳದ ಡ್ರೈನ್ ತಿರುಪು ಬಿಚ್ಚಿ ಕ್ಯಾನಿಗೆ ಇಳಿಸಿ ನೋಡಿ. ನೀರಿನ ಗುಳ್ಳೆ ತಳದಲ್ಲಿ ಉರುಳಾಡುತ್ತಿದ್ದರೆ ಎಥನಾಲ್ ಪೆಟ್ರೋಲ್ ನೀರು ಕುಡಿದು ಬೇರ್ಪಟ್ಟಿದೆ ಅಂತ ಅರ್ಥ. ಹಿಂದಿನ ಟ್ಯಾಂಕನ್ನೂ ಖಾಲಿ ಮಾಡಬೇಕು.

ತಟ್ಟಿದರೂ ಬಗ್ಗದಿದ್ದರೆ ಕೈಪಂಪ್ ಪರೀಕ್ಷೆ. ಇಂಜಿನ್ ಆಫ್, ಡಬ್ಬಿ ಖಾಲಿ. ಪೆಟ್ರೋಲ್ ಒಳಬರುವ ಬಾಯಿ ಮುಚ್ಚಿ. ಮ್ಯಾನಿಫೋಲ್ಡಿಗೆ ಹೋಗುವ ಬಾಯಿಗೆ ಕೈಪಂಪ್ ಸಿಕ್ಕಿಸಿ ಎಳೆಯಿರಿ. ಫ್ಲೋಟ್ ಕೆಳಗಿರುವುದರಿಂದ ಸೆಳೆತದ ದಾರಿ ತೆರೆದೇ ಇರುತ್ತದೆ. ಗೇಜ್ ಏರಿ ನಿಂತರೆ ಡಬ್ಬಿ ಆರೋಗ್ಯವಾಗಿದೆ. ಏರಿ ತಕ್ಷಣ ಬಿದ್ದರೆ ಎಲ್ಲೋ ಗಾಳಿ ಬರುತ್ತಿದೆ. ಈಗ ಗಾಳಿಕಿಂಡಿಯನ್ನು ಒಂದು ಬೆರಳಿನಿಂದ ಮುಚ್ಚಿ, ಕಾರ್ಬುರೇಟರ್ ಪೈಪು ಬಿಚ್ಚಿದ ಕೆಳಬಾಯಿಗೆ ಇನ್ನೊಂದು ಬೆರಳು ಇಟ್ಟು, ಪಕ್ಕದವರಿಗೆ ಎಳೆಯಲು ಹೇಳಿ. ಬೆರಳಿಗೆ ಸೆಳೆತ ಗೊತ್ತಾದರೆ ಹೊರಡಬ್ಬಿಯ ಗಾಳಿ ಒಳಡಬ್ಬಿಗೆ ಹೋಗುತ್ತಿದೆ. ಮೊದಲ ಅನುಮಾನ ಫ್ಲ್ಯಾಪ್ ಮೇಲೆ, ಎರಡನೆಯದು ಗಾಳಿಯ ವಾಲ್ವ್ ಮೇಲೆ. ಬೆರಳಿಗೆ ಏನೂ ಗೊತ್ತಾಗದೆ ಗೇಜ್ ಮಾತ್ರ ಬೀಳುತ್ತಿದ್ದರೆ ತಲೆಯ ಗ್ಯಾಸ್ಕೆಟ್ ಅಥವಾ ತಲೆಯೇ ಒಡೆದಿದೆ.

ಆ ತಲೆಯ ಬಗ್ಗೆ ಎರಡು ಮಾತು. ಅದು ಸತುವಿನ ಎರಕ. ನೂರು ವರ್ಷಕ್ಕೆ ಹತ್ತಿರವಾದ ಸತುವಿನ ಎರಕ ಒಳಗೊಳಗೇ ಬಿರುಕು ಬಿಟ್ಟು, ಉಬ್ಬಿ, ಸೊಟ್ಟಗಾಗುತ್ತದೆ. ತಿರುಪು ಬಿಗಿ ಮಾಡಿ ಗ್ಯಾಸ್ಕೆಟ್ ಕೂರಿಸೋಣ ಅಂತ ಜೋರು ಮಾಡಿದರೆ ಚೂರು ಕೈಗೆ ಬರುತ್ತದೆ. ಗಾಜಿನ ಹಲಗೆ ಮೇಲೆ ಇಟ್ಟು ಅಂಚು ಸಮ ಇದೆಯಾ ನೋಡಿ. ಸ್ವಲ್ಪ ಸೊಟ್ಟ ಇದ್ದರೆ ಅದೇ ಗಾಜಿನ ಮೇಲೆ ಎಮರಿ ಕಾಗದ ಹಾಸಿ ನಿಧಾನವಾಗಿ ಉಜ್ಜಬಹುದು. ಬಿರುಕು ಕಂಡರೆ ಅಂಟು ಮೆತ್ತಬೇಡಿ, ಹೊಸ ತಲೆ ಹುಡುಕಿ. ಗ್ಯಾಸ್ಕೆಟ್‌ಗೆ ಹಳೇ ಕಾಲದವರ ಹಾಗೆ ಅರಗಿನ ವಾರ್ನಿಷ್ ಹಚ್ಚುವುದೂ ಬೇಡ. ಅರಗು ಎಥನಾಲ್‌ನಲ್ಲಿ ಕರಗುತ್ತದೆ. 1925ರಲ್ಲಿ ಸರಿಯಾಗಿದ್ದ ಕೆಲಸ ಇವತ್ತಿನ ಪೆಟ್ರೋಲಿಗೆ ನಿಲ್ಲುವುದಿಲ್ಲ.

ತಲೆ ಎತ್ತಿದ ಮೇಲೆ ಫ್ಲೋಟನ್ನು ಬೆರಳಿನಿಂದ ಮೇಲೆ ಕೆಳಗೆ ಆಡಿಸಿ. ಸ್ಪ್ರಿಂಗುಗಳು ಮಧ್ಯದಲ್ಲಿ ಅನುಮಾನಿಸದೆ ಚುರುಕಾಗಿ ಮಗುಚಬೇಕು. ನಡುವೆ ನಿಂತುಬಿಟ್ಟರೆ ಎರಡು ವಾಲ್ವೂ ಅರ್ಧರ್ಧ ತೆರೆದಿರುತ್ತವೆ, ಇತ್ತ ಸೆಳೆತವೂ ಇಲ್ಲ, ಅತ್ತ ಪೆಟ್ರೋಲ್ ಇಳಿಯುವುದೂ ಇಲ್ಲ. ಸ್ಪ್ರಿಂಗ್ ಸೋತಿದ್ದರೆ ಎರಡನ್ನೂ ಜೋಡಿಯಾಗಿಯೇ ಬದಲಿಸಿ. ಒಂದನ್ನು ಎಳೆದು ಉದ್ದ ಮಾಡುವುದು, ಕತ್ತರಿಸಿ ಗಿಡ್ಡ ಮಾಡುವುದು ಬೇಡ.

ಕಪ್ಪು ಹೊಗೆ, ಐಡಲ್ ಒರಟು, ಪ್ಲಗ್ಗು ಮಸಿ

ಕಾರ್ಬುರೇಟರ್ ಮೇಲೆ ಗೂಬೆ ಕೂರಿಸುವ ಮುಂಚೆ ಡಬ್ಬಿಯಿಂದ ಮ್ಯಾನಿಫೋಲ್ಡಿಗೆ ಹೋಗುವ ಸಣ್ಣ ಪೈಪು ಬಿಚ್ಚಿ ನೋಡಿ. ಅದು ಒಳಗೆ ಒಣಗಿರಬೇಕು. ಒದ್ದೆ ಇದ್ದರೆ ಇಂಜಿನ್ ಕಾರ್ಬುರೇಟರ್ ಬಿಟ್ಟು ನೇರವಾಗಿ ಡಬ್ಬಿಯಿಂದಲೇ ಪೆಟ್ರೋಲ್ ಕುಡಿಯುತ್ತಿದೆ. ಫ್ಲೋಟ್ ತೂತಾಗಿ ಮುಳುಗಿದೆ, ಇಲ್ಲ ಸೆಳೆತದ ವಾಲ್ವ್ ಕೂರುತ್ತಿಲ್ಲ. ಈ ಸ್ಥಿತಿಯಲ್ಲಿ ಗಾಡಿ ಓಡಿಸಬೇಡಿ. ಹಸಿ ಪೆಟ್ರೋಲ್ ಸಿಲಿಂಡರಿನ ಆಯಿಲ್ ತೊಳೆದು ಇಂಜಿನ್ ತಳದ ಆಯಿಲ್ ತೊಟ್ಟಿಗೆ (ಸಂಪ್) ಇಳಿಯುತ್ತದೆ. ಡಿಪ್‌ಸ್ಟಿಕ್ ಮೂಸಿ ನೋಡಿ, ಪೆಟ್ರೋಲ್ ವಾಸನೆ ಬಂದರೆ ಆಯಿಲ್ ಬದಲಿಸಿಯೇ ಸ್ಟಾರ್ಟ್ ಮಾಡಿ.

ಫ್ಲೋಟನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಪೆಟ್ರೋಲ್ ಇದ್ದರೆ ಸದ್ದು ಬರುತ್ತದೆ. ಸದ್ದು ಬರದಿದ್ದರೂ ಒಂದು ಪಾತ್ರೆ ಬಿಸಿನೀರಿನಲ್ಲಿ, ಒಲೆಯಿಂದ ದೂರ, ಮುಳುಗಿಸಿ ಹಿಡಿಯಿರಿ. ತೂತಿದ್ದ ಕಡೆ ಸಣ್ಣ ಗುಳ್ಳೆಗಳ ಸರ ಎದ್ದು ಬರುತ್ತದೆ. ಇಲ್ಲಿಗೆ ನಿಲ್ಲಿಸಿ ಯೋಚಿಸಿ. ಒಳಗೆ ಪೆಟ್ರೋಲ್ ಹಬೆ ಇರುವ ಫ್ಲೋಟಿಗೆ ಬೆಸುಗೆ ಹಾಕಲು ಹೋದರೆ ಅದು ಸಿಡಿಯಬಹುದು. ಹೊಸ ಫ್ಲೋಟ್ ಹಾಕುವುದೇ ಒಳ್ಳೆಯದು. ಬೆಸುಗೆಯೇ ಬೇಕೆಂದರೆ ಈ ಕೆಲಸ ಗೊತ್ತಿರುವವರಿಗೆ, ಪೆಟ್ರೋಲ್ ಇತ್ತು ಅಂತ ಬಾಯಿಬಿಟ್ಟು ಹೇಳಿ ಕೊಡಿ. ಬೆಸುಗೆ ದಪ್ಪಗೆ ಬಿದ್ದರೂ ತೊಂದರೆಯೇ. ಫ್ಲೋಟ್ ಭಾರವಾಗಿ ತಡವಾಗಿ ಏರುತ್ತದೆ, ಅಷ್ಟರಲ್ಲಿ ಪೆಟ್ರೋಲ್ ಮಟ್ಟ ಸೆಳೆತದ ಬಾಯಿಯವರೆಗೆ ಬಂದಿರುತ್ತದೆ.

ಹೊಗೆ ಇಲ್ಲ, ಬದಲಿಗೆ ಐಡಲ್ ಏರಿಳಿತ, ಕಾರ್ಬುರೇಟರ್‌ನಿಂದ ಸೀನು ಅಂದರೆ ಇದರ ಉಲ್ಟಾ ರೋಗ. ಅದೇ ಸಣ್ಣ ಪೈಪಿನಿಂದ ಮ್ಯಾನಿಫೋಲ್ಡಿಗೆ ಗಾಳಿ ಹೋಗುತ್ತಿದೆ. ಪೈಪು ಬಿಚ್ಚಿ ಮ್ಯಾನಿಫೋಲ್ಡಿನ ಬಾಯಿ ಮುಚ್ಚಿದಾಗ ಐಡಲ್ ಸರಿಹೋದರೆ ಖಾತ್ರಿ. ಆ ಬಾಯಿಯ ಸಣ್ಣ ತೂತಿನಲ್ಲಿ ಕಾರ್ಬನ್ ಇದ್ದರೆ ಸಪೂರ ತಂತಿಯಿಂದ ತೆಗೆಯಿರಿ, ಡ್ರಿಲ್ ಹಾಕಿ ದೊಡ್ಡದು ಮಾಡಬೇಡಿ.

ಏರು ಹತ್ತುವಾಗ ನಿಲ್ಲುತ್ತದೆ, ಸಮತಟ್ಟಿನಲ್ಲಿ ಏನೂ ತೊಂದರೆ ಇಲ್ಲ

ಇದು ಈ ವ್ಯವಸ್ಥೆಯ ಹುಟ್ಟುಗುಣ. ಲೆಕ್ಕ ಹಾಕಿದರೆ ಏಕೆ ಅಂತ ತಿಳಿಯುತ್ತದೆ.

ಸೆಳೆತವನ್ನು ಅಳೆಯುವುದು ಪಾದರಸದ ಇಂಚುಗಳಲ್ಲಿ. ಒಂದು ಇಂಚು ಪಾದರಸದ ಸೆಳೆತ ಸುಮಾರು 18 ಇಂಚು ಪೆಟ್ರೋಲನ್ನು ಎತ್ತಬಲ್ಲದು. ಹಿಂದಿನ ಟ್ಯಾಂಕಿನ ತಳದಿಂದ ಡಬ್ಬಿಯ ತಲೆಗೆ 30 ಇಂಚು ಎತ್ತರ ಅಂತ ಇಟ್ಟುಕೊಳ್ಳಿ, ಒಂದೂವರೆ ಇಂಚಿಗಿಂತ ಸ್ವಲ್ಪ ಜಾಸ್ತಿ ಸೆಳೆತ ಸಾಕು. ಐಡಲ್‌ನಲ್ಲಿ ಒಳ್ಳೆಯ ಇಂಜಿನ್ ಸಮುದ್ರಮಟ್ಟದಲ್ಲಿ 17ರಿಂದ 21 ಇಂಚು ಕೊಡುತ್ತದೆ, ಹಾಗಾಗಿ ಚಿಂತೆಯೇ ಇಲ್ಲ. ಆದರೆ ಥ್ರಾಟಲ್ ಪೂರ್ತಿ ತೆರೆದು ಇಂಜಿನ್ ನಿಧಾನಕ್ಕೆ ಒದ್ದಾಡುತ್ತಾ ಏರುವಾಗ ಸೆಳೆತ ಒಂದು ಇಂಚಿಗೂ ಕೆಳಗೆ ಇಳಿಯಬಹುದು. ಅದೇ ಹೊತ್ತಿಗೆ ಗಾಡಿಯ ಮೂತಿ ಮೇಲಕ್ಕೆ ಎದ್ದಿದೆ, ಟ್ಯಾಂಕು ಒಂಬತ್ತು ಅಡಿ ಹಿಂದಿದೆ, ಹತ್ತಕ್ಕೆ ಒಂದರ ಏರಿನಲ್ಲಿ ಎತ್ತುವ ಎತ್ತರ ಇನ್ನೂ ಸುಮಾರು 11 ಇಂಚು ಹೆಚ್ಚಾಯಿತು. ಬೇಕಾದದ್ದು ಜಾಸ್ತಿ ಆದಾಗಲೇ ಸಿಗುವುದು ಕಡಿಮೆ. ಚಾರ್ಮಾಡಿಯಲ್ಲೋ ಆಗುಂಬೆಯಲ್ಲೋ ತಿರುವಿನ ಮೇಲೆ ತಿರುವು ಟಾಪ್ ಗೇರಿನಲ್ಲೇ ಎಳೆಸುತ್ತಾ ಹೋದರೆ ಹೊರಡಬ್ಬಿ ಖಾಲಿಯಾಗುವುದು ಗ್ಯಾರಂಟಿ.

ಇದಕ್ಕೆ ಮೊದಲ ಔಷಧ ಸ್ಪ್ಯಾನರ್ ಅಲ್ಲ, ಕಾಲು. ಬೇಗ ಕೆಳಗಿನ ಗೇರಿಗೆ ಬನ್ನಿ, ಅರ್ಧ ಥ್ರಾಟಲ್‌ನಲ್ಲಿ ಹತ್ತಿ. ಸ್ವಲ್ಪ ಇಳಿಜಾರು ಸಿಕ್ಕಲ್ಲೆಲ್ಲ ಆಕ್ಸಿಲರೇಟರಿನಿಂದ ಕಾಲು ಪೂರ್ತಿ ಎತ್ತಿ ಕೆಲವು ಸೆಕೆಂಡು ಬಿಡಿ. ಅಷ್ಟರಲ್ಲಿ ಸೆಳೆತ ಏರಿ ಡಬ್ಬಿ ತುಂಬಿಕೊಳ್ಳುತ್ತದೆ. ಆ ಕಾಲದ ಡ್ರೈವರ್‌ಗಳು ಹೀಗೇ ಓಡಿಸುತ್ತಿದ್ದರು. ಹಿಂದಿನ ಟ್ಯಾಂಕ್ ತುಂಬಿಸಿಕೊಂಡು ಹೊರಟರೆ ಎತ್ತಬೇಕಾದ ಎತ್ತರವೂ ಒಂದಿಷ್ಟು ಇಂಚು ಕಡಿಮೆ.

ಸಣ್ಣ ಏರಿಗೂ ನಿಲ್ಲುತ್ತದೆ ಅಂದರೆ ಮಾತ್ರ ಇಂಜಿನ್ನಿನ ಸೆಳೆತ ಅಳೆಯಬೇಕು. ಮ್ಯಾನಿಫೋಲ್ಡಿಗೆ ಟಿ ಆಕಾರದ ಪೈಪು ಜೋಡಿಸಿ ಗೇಜ್ ಹಾಕಿ. ಬೆಂಗಳೂರಿನವರು ಒಂದು ಮಾತು ನೆನಪಿಡಿ. ಊರು ಸುಮಾರು 3,000 ಅಡಿ ಎತ್ತರದಲ್ಲಿದೆ, ಸಾವಿರ ಅಡಿಗೆ ಸರಿಸುಮಾರು ಒಂದು ಇಂಚು ಕಡಿಮೆ ತೋರಿಸುತ್ತದೆ. ಪುಸ್ತಕದಲ್ಲಿ 19 ಅಂತ ಇದ್ದರೆ ಇಲ್ಲಿ 16 ಬಂದರೆ ಅದು ರೋಗ ಅಲ್ಲ. ಮಂಗಳೂರಿನಲ್ಲಿ 16 ಬಂದರೆ ಯೋಚಿಸಬೇಕು. ಮುಳ್ಳು ಕಡಿಮೆಯಲ್ಲೇ ಅಲ್ಲಾಡದೆ ನಿಂತಿದ್ದರೆ ಮೊದಲು ಇಗ್ನಿಷನ್ ಟೈಮಿಂಗ್ ನೋಡಿ, ಲೇಟ್ ಆಗಿರಬಹುದು. ಆಮೇಲೆ ಮ್ಯಾನಿಫೋಲ್ಡ್ ಗ್ಯಾಸ್ಕೆಟ್. ಮುಳ್ಳು ಲಯಬದ್ಧವಾಗಿ ಹಿಂದಕ್ಕೆ ಜಿಗಿಯುತ್ತಿದ್ದರೆ ಒಂದು ವಾಲ್ವ್ ಕೂರುತ್ತಿಲ್ಲ. ರಿಂಗ್ ಸವೆದ ಇಂಜಿನ್ನಿಗೆ ಹೊಸ ವ್ಯಾಕ್ಯೂಮ್ ಟ್ಯಾಂಕ್ ಹಾಕಿದರೂ ಪ್ರಯೋಜನ ಇಲ್ಲ. ಇಲ್ಲಿಂದ ಮುಂದಿನದು ಇಂಜಿನ್ ಬಿಚ್ಚುವವರ ಕೆಲಸ.

ಬಿಸಿಲಲ್ಲಿ ಟೀ ಕುಡಿದು ಬಂದರೆ ಸ್ಟಾರ್ಟ್ ಆಗಲ್ಲ

ಪೆಟ್ರೋಲ್ ಕುದ್ದಿದೆ. ಸೆಳೆತದಲ್ಲಿ ಯಾವ ದ್ರವವಾದರೂ ಕಡಿಮೆ ಬಿಸಿಗೇ ಕುದಿಯುತ್ತದೆ, ಎತ್ತರದ ಊರಿನಲ್ಲಿ ಇನ್ನೂ ಬೇಗ. ಜೊತೆಗೆ ಈಗಿನ ಪೆಟ್ರೋಲ್ ಆಗಿನದಕ್ಕಿಂತ ಬೇಗ ಹಬೆಯಾಗುತ್ತದೆ. ಬಾನೆಟ್ ಎತ್ತಿ ಕಾಯಿರಿ, ಬಟ್ಟೆ ಒದ್ದೆ ಮಾಡಿ ಡಬ್ಬಿಗೆ ಮತ್ತು ಲೈನಿಗೆ ಸುತ್ತಿ. ಎಕ್ಸಾಸ್ಟ್‌ಗೆ ನೀರು ತಾಗಿಸಬೇಡಿ, ಎರಕ ಸೀಳುತ್ತದೆ. ಪದೇ ಪದೇ ಆಗುತ್ತಿದ್ದರೆ ಲೈನು ಎಕ್ಸಾಸ್ಟ್ ಪಕ್ಕ ಹಾದುಹೋಗುವ ಕಡೆ ದೂರ ಸರಿಸಿ. ಎಕ್ಸಾಸ್ಟಿಗೂ ಡಬ್ಬಿಗೂ ನಡುವೆ ಒಂದು ತಗಡು ನಿಲ್ಲಿಸಿ.

ಗಾಳಿಕಿಂಡಿಯಿಂದ ಪೆಟ್ರೋಲ್ ಹನಿಯುತ್ತಿದೆ

ಇಂಜಿನ್ ತಕ್ಷಣ ನಿಲ್ಲಿಸಿ. ಇದೊಂದು ಲಕ್ಷಣ ಕಂಡರೆ ಮನೆಗೆ ಹೋಗಿ ನೋಡೋಣ ಅನ್ನಬಾರದು, ಕೆಳಗೇ ಎಕ್ಸಾಸ್ಟ್ ಇದೆ. ಬಿಸಿಲಲ್ಲಿ ನಿಂತ ಗಾಡಿಯಾದರೆ ಹಿಂದಿನ ಟ್ಯಾಂಕಿನ ಮುಚ್ಚಳದ ತೂತು ಕಟ್ಟಿ, ಟ್ಯಾಂಕ್ ಕಾದು ಒತ್ತಡ ಹುಟ್ಟಿ ಪೆಟ್ರೋಲನ್ನು ಮುಂದಕ್ಕೆ ತಳ್ಳಿರಬಹುದು. ಬೇರೆ ಬಗೆಯ ಮುಚ್ಚಳ, ತೂತೇ ಇಲ್ಲದ್ದು, ಯಾರೋ ಹಾಕಿರುವುದೂ ಉಂಟು. ಮುಚ್ಚಳ ಸರಿ ಇದ್ದರೆ ಒಳಗಿನ ಫ್ಲೋಟ್ ಮತ್ತು ವಾಲ್ವುಗಳನ್ನು ನೋಡಬೇಕು. ಹನಿ ನಿಲ್ಲದಿದ್ದರೆ ಗಾಡಿಯನ್ನು ಟೋ ಮಾಡಿಸಿ.

ಡಬ್ಬಿಯ ಮೈಮೇಲೇ ಒದ್ದೆ ಇದ್ದರೆ ತುಕ್ಕಿನ ತೂತು. ಗಾಡಿಯ ಮೇಲೆ ಇರುವಾಗ ಬೆಸುಗೆಯ ಬೆಂಕಿ ಅದರ ಹತ್ತಿರವೂ ಬರಬಾರದು.

ಇನ್ನೂ ಚೆನ್ನಾಗಿ ಓಡಬೇಕು ಅಂದರೆ

ಘಾಟಿಯ ಓಡಾಟ ಜಾಸ್ತಿ ಇರುವವರು ಮ್ಯಾನಿಫೋಲ್ಡಿನಿಂದ ಬರುವ ಸಣ್ಣ ಪೈಪಿನಲ್ಲಿ ಒಂದು ನಾನ್ ರಿಟರ್ನ್ ವಾಲ್ವ್ (ಗಾಳಿಯನ್ನು ಒಂದೇ ದಿಕ್ಕಿಗೆ ಬಿಡುವಂಥದ್ದು) ಹಾಕಿ, ಅದರ ಆಚೆ, ಅಂದರೆ ಡಬ್ಬಿಯ ಕಡೆಗೆ, ಒಂದು ಸಣ್ಣ ಗಟ್ಟಿ ಲೋಹದ ಸಿಲಿಂಡರ್ ಜೋಡಿಸಿಕೊಳ್ಳಬಹುದು. ಸಮತಟ್ಟಿನಲ್ಲಿ ಅದರಲ್ಲಿ ಸೆಳೆತ ಕೂಡಿಟ್ಟುಕೊಂಡು ಏರಿನಲ್ಲಿ ಸ್ವಲ್ಪ ಹೊತ್ತು ಬಳಸಿದ ಹಾಗಾಗುತ್ತದೆ. ವಾಲ್ವನ್ನು ಉಲ್ಟಾ ಹಾಕಿದರೆ ಡಬ್ಬಿ ತುಂಬುವುದೇ ಇಲ್ಲ, ಬಾಣದ ಗುರುತು ನೋಡಿ ಹಾಕಿ.

ಎಲೆಕ್ಟ್ರಿಕ್ ಪಂಪ್ ಬೇಕೇ ಬೇಕು ಅನ್ನುವವರಿಗೆ ನನ್ನ ವಿರೋಧ ಏನೂ ಇಲ್ಲ, ಒಂದು ಲೆಕ್ಕ ಮಾತ್ರ ಹೇಳುತ್ತೇನೆ. ಡಬ್ಬಿಯಿಂದ ಕಾರ್ಬುರೇಟರ್‌ಗೆ 18 ಇಂಚು ಇಳಿತ ಇದ್ದರೆ ಆ ಒತ್ತಡ ಅರ್ಧ ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಅನ್ನುವ ಒತ್ತಡದ ಅಳತೆ) ಕೂಡ ಆಗುವುದಿಲ್ಲ. ಆ ಕಾರ್ಬುರೇಟರಿನ ಸೂಜಿ, ಫ್ಲೋಟ್ ಎಲ್ಲ ಅಷ್ಟಕ್ಕೇ ಮಾಡಿದ್ದು. ಅಂಗಡಿಯಲ್ಲಿ ಸಿಗುವ ನಾಲ್ಕೈದು ಪಿಎಸ್‌ಐ ಪಂಪನ್ನು ನೇರವಾಗಿ ಕೊಟ್ಟರೆ ಸೂಜಿ ತಳ್ಳಿಕೊಂಡು ಪೆಟ್ರೋಲ್ ಬಿಸಿ ಇಂಜಿನ್ ಮೇಲೆ ಹರಿಯುತ್ತದೆ. ಒಂದೂವರೆ ಪಿಎಸ್‌ಐಗಿಂತ ಕಡಿಮೆಗೆ ಇಳಿಸುವ ರೆಗ್ಯುಲೇಟರ್ ಹಾಕಿ. ಗುದ್ದಿದಾಗ ಪಂಪ್ ತಾನಾಗಿ ನಿಲ್ಲುವ ಸ್ವಿಚ್ಚೂ ಇರಲಿ, ಏಕೆಂದರೆ ವ್ಯಾಕ್ಯೂಮ್ ಟ್ಯಾಂಕ್ ಇಂಜಿನ್ ನಿಂತ ಕೂಡಲೇ ಪೆಟ್ರೋಲ್ ಎಳೆಯುವುದನ್ನು ನಿಲ್ಲಿಸುತ್ತದೆ, ಎಲೆಕ್ಟ್ರಿಕ್ ಪಂಪಿಗೆ ಆ ಬುದ್ಧಿ ಇಲ್ಲ. ರೆಗ್ಯುಲೇಟರ್ ಕೂರಿಸಿದ ಮೇಲೆ ಗೇಜ್ ಹಾಕಿ ಅಳೆಯಿರಿ, ಅದರ ಮೇಲೆ ಬರೆದಿರುವ ಅಂಕಿಯನ್ನು ನಂಬಬೇಡಿ.